ಸಾಫ್ಟ್‌ವೇರ್ ತಪ್ಪಿನಿಂದ ಆದ ಶಿಕ್ಷೆ ರದ್ದ ಮಾಡಾಕ ಇಂಗ್ಲೆಂಡಿನ್ಯಾಗ ಕಾಯ್ದೆನ ತಂದಾರ, ನಮ್ಮ ಕಾಕಾಗ ಏನರ ದಾರಿ ಐತೇನ್ರಿ?

ಮುಧೋಳ_ಮಲ್ಲು

ಎಲ್ಲಾರಿಗೂ ನಮಸ್ಕಾರ್ರಿ. ನಾ ಮುಧೋಳ ತಾಲೂಕಿನಾಂವ, ಕೆಲಸಕ್ಕಂತ ಬೆಳಗಾವ್ಯಾಗ ಇದ್ದೀನಿ. ಸ್ವಲ್ಪ ಉದ್ದ ಐತಿ, ಆದ್ರ ದಯಮಾಡಿ ಪೂರಾ ಓದ್ರಿ, ಹನ್ನೊಂದ ವರ್ಷದಿಂದ ನಮ್ಮ ಮನ್ಯಾಗ ಯಾರೂ ಬಾಯಿಬಿಟ್ಟು ಮಾತಾಡದ ವಿಷಯ ಇದು.

ನಮ್ಮ ಕಾಕಾ ಊರ ಸೊಸೈಟ್ಯಾಗ 26 ವರ್ಷ ಸೆಕ್ರೆಟರಿ ಇದ್ರು. ಊರ ಹೆಸರು, ಸೊಸೈಟಿ ಹೆಸರು ಹಾಕಂಗಿಲ್ಲ, ಕೇಳಬ್ಯಾಡ್ರಿ. ಕಿರ್ದಿ, ಖತಾವಣಿ ಎಲ್ಲಾ ಕೈಲೆ ಬರೀತಿದ್ರು, ಒಂದ ರೂಪಾಯಿ ಹೆಚ್ಚುಕಮ್ಮಿ ಬಂದ್ರ ರಾತ್ರಿ ಹತ್ತಾದ್ರೂ ಮನಿಗೆ ಬರ್ತಿರಲಿಲ್ಲ. 2013ರಾಗ ಕಂಪ್ಯೂಟರ್ ಬಂತು, ಒಂದ ಪ್ರೈವೇಟ್ ಕಂಪನಿಯವ್ರು ಸಾಫ್ಟ್‌ವೇರ್ ಹಾಕಿ ಎರಡ ದಿನ ಟ್ರೇನಿಂಗ್ ಕೊಟ್ಟು ಹ್ವಾದ್ರು. ಮುಂದಿನ ಮಾರ್ಚ್‌ನ್ಯಾಗ ಬೆಳೆಸಾಲ ತುಂಬಿ ಮತ್ತ ತಗೊಳ್ಳೋ ಗದ್ಲ ಇರ್ತೈತಲ್ರಿ, ಬಾಗಲಾ ತಗದ್ರ ಸಾಕು ಮಂದಿ ಸಾಲ ಹಚ್ಚಿ ನಿಲ್ತಾರ, ಕರೆಂಟ್ ಹೋಗೋದು ಬರೋದು, ಕಂಪ್ಯೂಟರ್ ನಡುವ ನಿಂತ್ಬಿಡೋದು, ಆ ಟೈಮಿನ್ಯಾಗ ಕಂಪ್ಯೂಟರ್ ತೋರಿಸೋ ಶಿಲ್ಕಿಗೂ ತಿಜೋರ್ಯಾಗಿನ ಶಿಲ್ಕಿಗೂ ತಾಳೆ ಆಗ್ಲಿಲ್ಲ. ಮೊದ್ಲ 41 ಸಾವಿರ ಕಮ್ಮಿ. ಕಾಕಾ ತಾನ ಎಲ್ಲೋ ತಪ್ಪ ಮಾಡೀನಿ ಅಂತ ತಿಳದು ಕಾಕುನ ಬಂಗಾರ ಅಡಾ ಇಟ್ಟು ತುಂಬಿದ್ರು. ವಾರದಾಗ ಮತ್ತ ಕಮ್ಮಿ. ಕಂಪನಿಗೆ ಫೋನ್ ಹಚ್ಚಿದ್ರ "ಬ್ಯಾರೆ ಯಾ ಸೊಸೈಟ್ಯಾಗೂ ಹಿಂಗಾಗಿಲ್ರಿ, ನಿಮ್ಮ ಕಡೆ ಎಂಟ್ರಿ ತಪ್ಪಾಗಿರ್ತೈತಿ" ಅಂತ ಹೇಳಿ, ರಿಮೋಟ್‌ನ್ಯಾಗ ಒಳಗ ಬಂದು ಏನೋ ಮಾಡಿ ಹೋಗ್ತಿದ್ರಂತ, ಮರುದಿನ ಲೆಕ್ಕ ಇನ್ನೂ ಬ್ಯಾರೆ ಆಗಿರ್ತಿತ್ತು. ದಿನದ ಲೆಕ್ಕಕ್ಕ "ಸರಿ ಐತಿ" ಅಂತ ಸಹಿ ಹಾಕದಿದ್ರ ಮರುದಿನದ ತಾರೀಖ ತಗೀತಿರ್ಲಿಲ್ಲ ಆ ಸಾಫ್ಟ್‌ವೇರ್, ಹೊರಗ ರೈತರು ನಿಂತಿರ್ತಿದ್ರು, ಕಾಕಾ ದಿನಾ ಸಹಿ ಹಾಕ್ಕೊಂತ ಹ್ವಾದ್ರು. ಕಡೀಕ 4 ಲಕ್ಷ 60 ಸಾವಿರಕ್ಕ ಬಂದು ನಿಂತ್ತು.

ಆಮ್ಯಾಲ ಆಡಿಟ್, ನೋಟಿಸ್, ಸಹಕಾರ ಸಂಘಗಳ ಕಾಯ್ದೆ ಕಲಂ 64ರ ವಿಚಾರಣೆ. "ಕೊರತಿ ನಂದ, ಕಂತಿನ್ಯಾಗ ತುಂಬತೀನಿ" ಅಂತ ಬರಕೊಟ್ರ ಕೇಸ್ ಮಾಡಂಗಿಲ್ಲ ಅಂತ ಹೇಳಿದ್ರಂತ. ಬರಕೊಟ್ರು. ಒಂದೂವರಿ ಎಕರೆ ನೀರಾವರಿ ಹೊಲ ಮಾರಿ ತುಂಬಿದ್ರು. ಆದ್ರೂ ಕೇಸ್ ಆತು, ಐಪಿಸಿ 408 (ನೌಕರ ಮಾಡಿದ ನಂಬಿಕೆದ್ರೋಹ) ಮತ್ತ 477ಎ (ಸುಳ್ಳ ಲೆಕ್ಕ). 22 ದಿನ ಒಳಗಿದ್ರು. 2018ರಾಗ ಕೆಳಗಿನ ಕೋರ್ಟ್ ಒಂದ ವರ್ಷ ಶಿಕ್ಷೆ ಕೊಟ್ತು, 2021ರ ಜುಲೈನ್ಯಾಗ ಸೆಷನ್ಸ್ ಕೋರ್ಟ್ ತಪ್ಪಿತಸ್ಥ ಅನ್ನೋದನ್ನ ಹಂಗ ಇಟ್ಟು, ವಯಸ್ಸು ನೋಡಿ, ರೊಕ್ಕ ತುಂಬ್ಯಾರಂತ, ಒಳಗಿದ್ದಷ್ಟ ದಿನ ಸಾಕು ಅಂತ ಬಿಟ್ತು. ಬಿಟ್ರು ಖರೆ. ಆದ್ರ ಕಾಕಾ ಇವತ್ತಿಗೂ ಗುಡಿ ಕಟ್ಟಿಗೆ ಹೋಗಿ ಕುಂದ್ರಂಗಿಲ್ಲ, ಅಂಗಡ್ಯಾಗ ನೂರ ರೂಪಾಯಿ ಚಿಲ್ಲರ ತಗೊಂಡ್ರ ಮೂರ ಸಲ ಎಣಸ್ತಾರ.

ಮೊನ್ನೆ ನಾ ಇಂಗ್ಲೆಂಡಿನ ಪೋಸ್ಟ್ ಆಫೀಸ್ ಕತಿ ಓದಿದೆ. ಅಲ್ಲಿ ಬ್ರಾಂಚಿನ ಲೆಕ್ಕಾ ಇಡಾಕ ಹೊರೈಜನ್ ಅಂತ ಫುಜಿತ್ಸು ಕಂಪನಿ ಸಾಫ್ಟ್‌ವೇರ್ ಇತ್ತು, ಅದು ತೋರಿಸಿದ ಸುಳ್ಳ ಕೊರತಿ ಮ್ಯಾಲ 900ಕ್ಕೂ ಹೆಚ್ಚ ಮಂದಿಗೆ ಶಿಕ್ಷೆ ಆಗಿತ್ತು, 2024ರಾಗ ಅಲ್ಲಿನ ಪಾರ್ಲಿಮೆಂಟ್ ಒಂದ ಕಾಯ್ದೆ ತಂದು ಒಂದ ದಿನಕ್ಕ ಎಲ್ಲಾ ರದ್ದ ಮಾಡ್ತು ಅಂತ. ಓದಿ ಮುಗಸಾಕ ಆಗ್ಲಿಲ್ಲ, ಅದು ನಮ್ಮ ಕಾಕಾನ ಕತಿನ. ನಾ ಕೇಳೋದಿಷ್ಟ: ಅಂಥಾ ಕಾಯ್ದೆ ನಮ್ಮ ಕಡೆ ತರಾಕ ಆಗ್ತೈತೇನು? ಆಗಂಗಿಲ್ಲ ಅಂದ್ರ ಕಾಕಾಗ 68 ಆಗೇತಿ, ಇನ್ನ ಏನ ಮಾಡಬಹುದು?


ಕ್ಯಾಂಪ್_ವಕೀಲ

ಮಲ್ಲು ಅವ್ರ, ನಾ ಬೆಳಗಾವಿ ಕೋರ್ಟಿನ್ಯಾಗ 19 ವರ್ಷದಿಂದ ಕ್ರಿಮಿನಲ್ ಕೇಸ್ ನಡಸ್ತೀನಿ. ಕಾಕಾ ಅವ್ರಿಗೆ ಆಗಿದ್ದು ಓದಿ ಬಾಳ ಸಂಕಟ ಆತು. ಮೊದ್ಲ ಆ ಕಾಯ್ದೆ ಏನು ಅಂತ ಹೇಳ್ತೀನಿ, "ಎಲ್ಲಾ ಒಂದ ದಿನಕ್ಕ ರದ್ದ" ಅನ್ನೋದು ಅರ್ಧಾ ಖರೆ.

ಆ ಕಾಯ್ದೆಗೆ 2024ರ ಮೇ 24ಕ್ಕ ರಾಜಮುದ್ರಿ ಬಿತ್ತು, ಅವತ್ತ ಜಾರಿಗೂ ಬಂತು. ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗೆ ಅದು, ಸ್ಕಾಟ್ಲೆಂಡಿನವ್ರು ತಮ್ಮದ ಬ್ಯಾರೆ ಕಾಯ್ದೆ ಮಾಡ್ಕೊಂಡ್ರು. ಯಾರೂ ಅರ್ಜಿ ಹಾಕಬೇಕಾಗಿಲ್ಲ, ವಕೀಲ್ರನ್ನ ಹಿಡಿಬೇಕಾಗಿಲ್ಲ, ಷರತ್ತಿಗೆ ಹೊಂದಿದ ಶಿಕ್ಷೆ ತಾನ ರದ್ದ. ಷರತ್ತೇನಂದ್ರ, ಅಪರಾಧ 1996ರ ಸೆಪ್ಟೆಂಬರ್ 23ರಿಂದ 2018ರ ಡಿಸೆಂಬರ್ 31ರ ಒಳಗ ಆಗಿರಬೇಕು, ಕಳವು, ಮೋಸ, ಸುಳ್ಳ ಲೆಕ್ಕ ಇಂಥಾ ಅಪರಾಧ ಆಗಿರಬೇಕು, ಆ ಮನಷಾ ಪೋಸ್ಟ್ ಆಫೀಸ್ ಕೆಲಸದಾಗ ಇದ್ದಿರಬೇಕು, ಆ ಟೈಮಿಗೆ ಅಲ್ಲಿ ಹೊರೈಜನ್ ನಡೀತಿರಬೇಕು, ಕೇಸ್ ಹಾಕಿದವ್ರು ಪೋಸ್ಟ್ ಆಫೀಸ್ ಇಲ್ಲಾ ಸರ್ಕಾರಿ ಪ್ರಾಸಿಕ್ಯೂಷನ್ ಆಗಿರಬೇಕು. ಹೊರಗ ಉಳದವ್ರೂ ಇದ್ದಾರ. ಅಲ್ಲಿನ ಪಿಂಚಣಿ, ಭತ್ಯೆ ಇಲಾಖೆ ಹಾಕಿದ ಕೇಸಿನವ್ರಿಗೆ ಇದು ಅನ್ವಯ ಇಲ್ಲ, ಮೇಲ್ಮನವಿ ಕೋರ್ಟ್ ಆಗ್ಲೇ ನೋಡಿ "ಶಿಕ್ಷೆ ಸರಿ" ಅಂದಿದ್ದವ್ರಿಗೂ ಇಲ್ಲ, ಹೊರೈಜನ್‌ಗಿಂತ ಮೊದ್ಲ ಇದ್ದ ಕ್ಯಾಪ್ಚರ್ ಅನ್ನೋ ಸಾಫ್ಟ್‌ವೇರ್‌ನಿಂದ ಸಿಕ್ಕಿಬಿದ್ದವ್ರಿಗೂ ಇಲ್ಲ.

ಇನ್ನ "ಒಂದ ದಿನ" ಅಂತ ಬರದೀರಲ್ಲ, ಆ ದಿನ ಬರಾಕ 20 ವರ್ಷದ ಮ್ಯಾಲ ಆತು. ಅಲನ್ ಬೇಟ್ಸ್ ಅಂತ ವೇಲ್ಸಿನ ಒಬ್ಬ ಪೋಸ್ಟ್ ಮಾಸ್ತರು ಎಲ್ಲಾರ್ನೂ ಕೂಡಿಸಿ, 555 ಮಂದಿ ಸೇರಿ ಸಿವಿಲ್ ದಾವಾ ಹಾಕಿದ್ರು. 2019ರ ಡಿಸೆಂಬರಿನ್ಯಾಗ ಹೈಕೋರ್ಟಿನ ಜಸ್ಟಿಸ್ ಫ್ರೇಸರ್ ಹೊರೈಜನ್‌ನ್ಯಾಗ ದೋಷ ಇದ್ದವು, ಅವು ಬ್ರಾಂಚಿನ ಲೆಕ್ಕಾ ಕೆಡಿಸಿದ್ವು ಅಂತ ತೀರ್ಪು ಕೊಟ್ರು. ಅದರ ಮ್ಯಾಲ 2021ರ ಏಪ್ರಿಲಿನ್ಯಾಗ ಮೇಲ್ಮನವಿ ಕೋರ್ಟ್ 39 ಮಂದಿ ಶಿಕ್ಷೆ ರದ್ದ ಮಾಡ್ತು. ಆದ್ರ ಒಬ್ಬೊಬ್ಬರ ಕೇಸ್ ಹಿಂಗ ತಗೊಂಡ್ರ ಎಷ್ಟ ವರ್ಷ ಬೇಕು, 2024 ಬರೂತನಕಾ ನೂರರ ಆಸುಪಾಸು ಅಷ್ಟ ಆಗಿದ್ವು, ಬಾಳ ಮಂದಿ ಕೋರ್ಟಿನ ಹೆಸರ ತಗದ್ರ ಹೆದರಿ ಅಪೀಲ್‌ನ ಹಾಕಿರ್ಲಿಲ್ಲ, ಒಂದಿಷ್ಟ ಮಂದಿ ತೀರಿಕೊಂಡಿದ್ರು. 2024ರ ಜನವರ್ಯಾಗ ಟಿವ್ಯಾಗ ಈ ಕತಿ ನಾಟಕ ಆಗಿ ಬಂದು ಊರಿಗೆ ಊರ ಸಿಟ್ಟಿಗೆದ್ದ ಮ್ಯಾಲ ಸರ್ಕಾರ ಕಾಯ್ದೆ ತರ್ತೀವಿ ಅಂತು.

ಈಗ ನಮ್ಮ ಕಡೆ. ಅಲ್ಲಿ ಪಾರ್ಲಿಮೆಂಟಿನ ಮ್ಯಾಲ ಯಾರೂ ಇಲ್ಲ, ಅದು ಮಾಡಿದ ಕಾಯ್ದೆನ ಕೋರ್ಟ್ ರದ್ದ ಮಾಡಾಕ ಬರಂಗಿಲ್ಲ. ನಮ್ಮಲ್ಲಿ ಸಂವಿಧಾನ ಮ್ಯಾಲ. ಕೋರ್ಟ್ ಕೊಟ್ಟ ತೀರ್ಪನ್ನ ಶಾಸನಸಭಾ "ಇದು ನಡಿಯಂಗಿಲ್ಲ" ಅಂತ ನೇರ ಹೊಡದ ಹಾಕಾಕ ಆಗಂಗಿಲ್ಲ. ಇದು ಕರ್ನಾಟಕಕ್ಕ ಮೈಮ್ಯಾಲ ಬಂದ ಪಾಠ, 1991ರಾಗ ಕಾವೇರಿ ಟ್ರಿಬ್ಯೂನಲ್ 205 ಟಿಎಂಸಿ ಬಿಡ್ರಿ ಅಂದಾಗ ನಮ್ಮ ಸರ್ಕಾರ ಸುಗ್ರೀವಾಜ್ಞೆ ತಂತು, ಅದು ನ್ಯಾಯಾಂಗದ ಅಧಿಕಾರದಾಗ ಕೈ ಹಾಕಿದಂಗ ಅಂತ ಸುಪ್ರೀಂ ಕೋರ್ಟ್ ಅದೇ ವರ್ಷ ನವೆಂಬರಿನ್ಯಾಗ ಹೇಳ್ತು. ತೀರ್ಪಿನ ಬುಡದಾಗಿರೋ ಕಾರಣ ಸರಿಪಡಿಸಿ ಹೊಸ ಕಾಯ್ದೆ ತರಬಹುದು. ಮೀಸಲಾತಿಯಿಂದ ಬಡ್ತಿ ಸಿಕ್ಕ ನೌಕರರ ಜ್ಯೇಷ್ಠತೆ ವಿಷಯದಾಗ ನಮ್ಮ 2002ರ ಕಾಯ್ದೆ 2017ಕ್ಕ ಸುಪ್ರೀಂ ಕೋರ್ಟಿನ್ಯಾಗ ಬಿತ್ತು, ಅಂಕಿಅಂಶ ಕೂಡಿಸಿ 2018ರಾಗ ಮತ್ತ ತಂದ್ರು, 2019ರಾಗ ಸುಪ್ರೀಂ ಕೋರ್ಟ್ ಎತ್ತಿ ಹಿಡೀತು. ಆದ್ರ ಅದು ನೌಕರಿ ವಿಷಯ. ಸಾವಿರ ಮಂದಿ ಕ್ರಿಮಿನಲ್ ಶಿಕ್ಷೆ ಹೆಸರ ಹಿಡದು ರದ್ದ ಮಾಡೋದು ಬ್ಯಾರೆ ಮಾತು, ಅದು ಇಲ್ಲಿ ನಿಲ್ತೈತಿ ಅಂತ ನನಗ ಅನಸಂಗಿಲ್ಲ. ರಾಜ್ಯಪಾಲರ ಕ್ಷಮಾದಾನ 161ನೇ ವಿಧಿಯೊಳಗ ಐತಿ, ಆದ್ರ ಕ್ಷಮೆ ಅಂದ್ರ ತಪ್ಪ ಮಾಡಿದಾಂವಗ ಕೊಡೋದು, ಕಾಕಾ ಅವ್ರಿಗೆ ಬೇಕಾಗಿದ್ದು ಅದಲ್ಲ ಅಂತ ನಾ ತಿಳಕೊಂಡೀನಿ.

ಹಂಗಾದ್ರ ದಾರಿ? ಹೈಕೋರ್ಟಿನ ಧಾರವಾಡ ಪೀಠಕ್ಕ ಕ್ರಿಮಿನಲ್ ರಿವಿಜನ್, ಅಂದ್ರ ಕೆಳಗಿನ ತೀರ್ಪು ಮತ್ತ ಪರಿಶೀಲಿಸ್ರಿ ಅನ್ನೋ ಅರ್ಜಿ. ಅವಧಿ 90 ದಿನ. ಕೊರೊನಾ ಕಾಲ ಅಂತ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರ ತನಕಾ ಲೆಕ್ಕಕ್ಕ ಹಿಡಿಬಾರದು ಅಂತ ಸುಪ್ರೀಂ ಕೋರ್ಟ್ ಹೇಳೇತಿ, ನಿಮ್ಮ ತೀರ್ಪು 2021ರದ್ದು, ಅಷ್ಟ ಅನುಕೂಲ. ಉಳಿದ ತಡಕ್ಕ ಕಾರಣ ಕೊಟ್ಟು ಮಾಫಿ ಕೇಳಬೇಕು. ಸುಲಭ ಐತಿ ಅಂತ ನಾ ಹೇಳಂಗಿಲ್ಲ. ಕಾಕಾ ಅವ್ರು ಬರಕೊಟ್ಟ ಆ ಪತ್ರ ದೊಡ್ಡ ಅಡ್ಡಿ.

ಎರಡ ಪ್ರಶ್ನೆ: ಕೋರ್ಟಿನ್ಯಾಗ ಕಂಪ್ಯೂಟರ್ ಪ್ರಿಂಟ್ ಹಾಜರ ಮಾಡಿದಾಗ ಹಳೇ ಸಾಕ್ಷ್ಯ ಕಾಯ್ದೆ ಕೇಳೋ 65ಬಿ ಸರ್ಟಿಫಿಕೇಟ್ ಕೊಟ್ಟಿದ್ರಾ, ಅದಕ್ಕ ಸಹಿ ಯಾರದು? ಮತ್ತ, ಕಂಪ್ಯೂಟರಿನ್ಯಾಗ ತಪ್ಪ ಐತಿ ಅಂತ ಕಾಕಾ ಯಾವಾಗರ ಕಾಗದದಾಗ ಬರದು ಕೊಟ್ಟಿದ್ರಾ?


ಟಿಳಕವಾಡಿ_ಟೆಸ್ಟರ್

ನಾನು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಇದ್ದೀನಿ, ಬ್ಯಾಂಕಿಂಗ್ ಸಾಫ್ಟ್‌ವೇರ್‌ಗಳನ್ನೇ ಹತ್ತು ವರ್ಷದಿಂದ ಪರೀಕ್ಷೆ ಮಾಡ್ತಾ ಬಂದಿರೋದು. ಮಲ್ಲು, ನೀವು ಬರೆದಿದ್ರಲ್ಲಿ ಒಂದು ಸಾಲು ನನ್ನನ್ನ ಹಿಡಿದು ನಿಲ್ಲಿಸ್ತು, "ಕರೆಂಟ್ ಹೋಗೋದು ಬರೋದು, ಕಂಪ್ಯೂಟರ್ ನಡುವ ನಿಂತ್ಬಿಡೋದು". ಅಲ್ಲೇ ನೋಡ್ಬೇಕು.

ಹೊರೈಜನ್‌ನಲ್ಲಿ ಡಾಲ್ಮೆಲಿಂಗ್ಟನ್ ಬಗ್ (ಬಗ್ ಅಂದ್ರೆ ಸಾಫ್ಟ್‌ವೇರಿನ ದೋಷ) ಅಂತ ಒಂದಿತ್ತು, ಸ್ಕಾಟ್ಲೆಂಡಿನ ಒಂದು ಊರಿನ ಹೆಸರು ಅದು. 2015ರಲ್ಲಿ ಅಲ್ಲಿನ ಪೋಸ್ಟ್ ಮಾಸ್ತರರು 8,000 ಪೌಂಡ್ ನಗದಿನ ಚೀಲ ಬಂದಿದ್ದನ್ನ ಎಂಟ್ರಿ ಮಾಡೋಕೆ ಹೋದಾಗ ಸ್ಕ್ರೀನ್ ಮುಂದೆ ಹೋಗ್ಲಿಲ್ಲ, ಯಾರೇ ಆದ್ರೂ ಮಾಡೋ ಹಾಗೆ ಎಂಟರ್ ಮತ್ತೆ ಒತ್ತಿದ್ರು, ಒತ್ತಿದ ಪ್ರತಿ ಸಲ ಒಳಗೆ ಇನ್ನೊಂದು 8,000 ಜಮಾ ಆಗ್ತಾ ಹೋಯ್ತು. ನಾಲ್ಕು ಸಲ. ಬಂದಿದ್ದು 8 ಸಾವಿರ, ಕಂಪ್ಯೂಟರ್ ಪ್ರಕಾರ ಇರ್ಬೇಕಾಗಿದ್ದು 32 ಸಾವಿರ, ಹಾಗಾಗಿ 24 ಸಾವಿರ "ಕೊರತೆ". ಆ ಮನುಷ್ಯ ಒಂದು ಪೈಸಾ ಮುಟ್ಟಿಲ್ಲ.

ಈಗ ನಿಮ್ಮ ಕಾಕಾ ಅವರ ಸೊಸೈಟಿ ನೆನಸ್ಕೊಳ್ಳಿ. ರೈತ ಸಾಲ ತುಂಬ್ತಾನೆ, ಆಪರೇಟರ್ ಎಂಟ್ರಿ ಸೇವ್ ಮಾಡ್ತಾನೆ, ಅಷ್ಟರಲ್ಲಿ ಕರೆಂಟ್ ಹೋಗುತ್ತೆ. ಎಂಟ್ರಿ ಡೇಟಾಬೇಸಿಗೆ ಹೋಗಿರುತ್ತೆ, ಆದ್ರೆ ಪಾವತಿ ಪ್ರಿಂಟ್ ಬಂದಿರಲ್ಲ. ಮತ್ತೆ ಚಾಲೂ ಮಾಡಿದ್ಮೇಲೆ ಪಾವತಿ ಇಲ್ಲವಲ್ಲ ಅಂತ ಇನ್ನೊಂದ್ಸಲ ಎಂಟ್ರಿ. ಒಳ್ಳೆ ಸಾಫ್ಟ್‌ವೇರ್ ಆದ್ರೆ "ಇದು ಆಗಲೇ ಜಮಾ ಆಗಿದೆ" ಅಂತ ತಡೀಬೇಕು. ತಡೀಲಿಲ್ಲ ಅಂದ್ರೆ ನಗದು ಒಂದ್ಸಲ ಬಂದಿದೆ, ಲೆಕ್ಕದಲ್ಲಿ ಎರಡ್ಸಲ. ಇದು ನಿಜಕ್ಕೂ ಆಗಿತ್ತಾ ಇಲ್ವಾ ಅಂತ ಇವತ್ತೂ ಪತ್ತೆ ಮಾಡಬಹುದು: ಆ ಮಾರ್ಚ್ ತಿಂಗಳ ಕಂಪ್ಯೂಟರ್ ದಿನವಹಿಯಲ್ಲಿ ಒಂದೇ ಖಾತೆಗೆ, ಒಂದೇ ಮೊತ್ತ, ಕೆಲವೇ ನಿಮಿಷದ ಅಂತರದಲ್ಲಿ ಎರಡು ಜಮಾ ಇದ್ಯಾ ನೋಡಿ. ಜೊತೆಗೆ ರೈತರ ಹತ್ತಿರ ಇರೋ ಪಾವತಿ ಎಷ್ಟು. ರೈತ 50 ಸಾವಿರ ತುಂಬಿದ್ದು ಒಂದೇ ಪಾವತಿ, ಕಂಪ್ಯೂಟರಲ್ಲಿ ಒಂದು ಲಕ್ಷ ಜಮಾ ಅಂದ್ರೆ ಆ ರೈತನ ಸಾಲ ಅಷ್ಟು ಬೇಗ ಹೇಗೆ ಮುಗೀತು ಅಂತ ಅವಾಗ್ಲೇ ಆಡಿಟ್ ಮಾಡಿದವರು ಕೇಳ್ಬೇಕಿತ್ತು, ಕೇಳ್ಲಿಲ್ಲ ಅನ್ನೋದೇ ನನಗೆ ಸಿಟ್ಟು ಬರೋ ವಿಷಯ.

ರಿಮೋಟ್ ಬಗ್ಗೆ ಕೂಡ. ಇಂಗ್ಲೆಂಡಿನಲ್ಲಿ ಪೋಸ್ಟ್ ಆಫೀಸ್ ವರ್ಷಗಟ್ಟಲೆ "ಬ್ರಾಂಚಿನ ಲೆಕ್ಕ ಹೊರಗಿನವರು ಮುಟ್ಟೋಕೆ ಸಾಧ್ಯವೇ ಇಲ್ಲ" ಅಂತ ಹೇಳ್ತಾ ಬಂತು, ಕೊನೆಗೆ ಫುಜಿತ್ಸುನವರು ದೂರದಿಂದ ಒಳಗೆ ಹೋಗಿ ಲೆಕ್ಕ ತಿದ್ದೋ ಹಾಗಿತ್ತು ಅಂತ ಕೋರ್ಟಲ್ಲೇ ಹೊರಬಿತ್ತು. ನಿಮ್ಮ ಕಾಕಾ ವಿಷಯದಲ್ಲಿ ರಿಮೋಟಲ್ಲಿ ಬಂದವನು ಯಾವ ಯೂಸರ್ ಐಡಿಯಲ್ಲಿ ಬಂದ? ಕಾಕಾ ಅವರ ಐಡಿಯಲ್ಲೇ ಬಂದಿದ್ರೆ, ಅವನು ಮಾಡಿದ್ದೆಲ್ಲ ಕಾಕಾ ಅವರ ಹೆಸರಲ್ಲೇ ದಾಖಲಾಗಿರುತ್ತೆ.


ಸಹಕಾರಿ_ನಿವೃತ್ತ

ನಾ ವಿಜಾಪುರ ಕಡಿಯಾಂವ. ಸಹಕಾರಿ ಲೆಕ್ಕ ಪರಿಶೋಧನೆದಾಗ 31 ವರ್ಷ ಸೇವಾ ಮಾಡಿ ರಿಟೈರ್ ಆಗೀನಿ. ಮ್ಯಾಲ ಅಕ್ಕಾರು ಆಡಿಟರ್ ಕೇಳಬೇಕಿತ್ತು ಅಂದ್ರಲ್ಲ, ಅದಕ್ಕ ಉತ್ತರ ಕೊಡ್ಲಿಕ್ಕೇ ಬಂದೀನಿ.

ತಮ್ಮಾ ಮಲ್ಲು, ನಿಮ್ಮ ಕಾಕಾ ನಿರಪರಾಧಿ ಇರಬಹುದು, ನಾ ಇಲ್ಲ ಅನ್ನಂಗಿಲ್ಲ. ಆದ್ರ ನಾ ನೋಡಿದ್ದೂ ಹೇಳಬೇಕಲ್ಲ. ಸತ್ತವರ ಹೆಸರಿನ್ಯಾಗ ಬೆಳೆಸಾಲ ತಗದವ್ರನ್ನ ನೋಡೀನಿ, ಪಿಗ್ಮಿ ರೊಕ್ಕ ಕಟ್ಟಲಾರದ ಮನಿ ಕಟ್ಟಿಸಿದವ್ರನ್ನ ನೋಡೀನಿ, ರಸಗೊಬ್ಬರ ಗೋದಾಮಿನ್ಯಾಗ ಚೀಲಾ ಇಲ್ಲದ ಪುಸ್ತಕದಾಗ ಚೀಲಾ ಎಣಿಸಿದವ್ರನ್ನ ನೋಡೀನಿ. ಒಬ್ಬಾಕಿ ಮುದುಕಿ ಮಗಳ ಮದುವಿಗಂತ ಇಟ್ಟ ಠೇವಣಿ ಹೋಗಿ ನಮ್ಮ ಆಫೀಸಿನ ಮೆಟ್ಟಲ ಮ್ಯಾಲ ಕುಂತು ಅತ್ತದ್ದು ನನಗ ಇನ್ನೂ ಕಣ್ಣಾಗ ಅದ. ಕಂಪ್ಯೂಟರ್ ಬಂದ ಮ್ಯಾಲ ಕಳ್ಳರು ಎಲ್ಲಾರೂ ಕಲ್ತದ್ದು ಒಂದ ಮಾತು, "ಸಾಫ್ಟ್‌ವೇರ್ ತಪ್ಪರೀ ಸಾಹೇಬ್ರ". ಇಂಗ್ಲೆಂಡಿನಂಥಾ ಕಾಯ್ದೆ ಇಲ್ಲಿ ತಂದ್ರ ಎಲ್ಲಾರೂ ಅದರ ಹಿಂದ ನಿಂದರ್ತಾರ. ಅಲ್ಲಿನ ಸರ್ಕಾರನೂ ಒಪ್ಪಿಕೊಂಡದ, ಈ ಕಾಯ್ದೆದಿಂದ ಖರೇ ತಪ್ಪ ಮಾಡಿದವ್ರು ಕೆಲವ್ರು ಪಾರಾಗಬಹುದು ಅಂತ. ಅದಕ್ಕ ನಂದು ಕಾಯ್ದೆಗೆ ವಿರೋಧ ಅದ, ಒಂದೊಂದ ಕೇಸ್ ಕೋರ್ಟ್‌ದಾಗೇ ತೀರಬೇಕು.

ಇನ್ನ ಆಡಿಟರ್ ಮಾತು. ನಮಗ ಒಂದ ಸೊಸೈಟಿಗೆ ಎರಡ-ಮೂರ ದಿನ ಸಿಗತಿದ್ದವು. ಕಂಪ್ಯೂಟರ್ ಶೀಟ್ ಕೊಡ್ತಿದ್ರು, ಅದರ ಕೆಳಗ ಸೆಕ್ರೆಟರಿ ಸಹಿ ಇರ್ತಿತ್ತು. ಸಹಿ ಇದ್ದ ಮ್ಯಾಲ ಅದು ಅವನ ಲೆಕ್ಕ ಅಂತ ನಾವು ತಗೋತಿದ್ವಿ. ನಾ ಹಂಗೇ ತಗೊಂಡೀನಿ. ಅಕ್ಕಾರು ಕೇಳಿದ ಪ್ರಶ್ನೆ, ರೈತನ ಪಾವತಿ ತಂದು ಹಚ್ಚಿ ನೋಡಿದಿರೇನು ಅಂದ್ರ, ಎಲ್ಲಾ ಕಡೆ ನೋಡಿಲ್ಲ. ಇದನ್ನ ಬರೀಲಿಕ್ಕೆ ಎರಡ ತಾಸು ಕುಂತೀನಿ ನಾ.


ಟಿಳಕವಾಡಿ_ಟೆಸ್ಟರ್

ಸರ್, ನೀವು ಇಷ್ಟು ನೇರವಾಗಿ ಬರೆದಿದ್ದಕ್ಕೆ ಕೃತಜ್ಞತೆ ಇದೆ, ಆದ್ರೂ ಒಂದು ಮಾತು ಒಪ್ಪಲ್ಲ. ಕೋರ್ಟಲ್ಲೇ ಒಂದೊಂದಾಗಿ ತೀರಬೇಕು ಅಂತೀರಿ, ಅಲ್ಲಿ ಕೋರ್ಟಿನಲ್ಲೇ ಅಲ್ವಾ ಎಲ್ಲರೂ ಸಿಕ್ಕಿಬಿದ್ದಿದ್ದು? ಇಂಗ್ಲೆಂಡಿನಲ್ಲಿ ಮೊದಲು, ಕಂಪ್ಯೂಟರ್ ದಾಖಲೆ ಹಾಜರು ಮಾಡೋರೇ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡ್ತಿತ್ತು ಅಂತ ತೋರಿಸ್ಬೇಕಿತ್ತು. ಆ ಕಲಮನ್ನ 1999ರ ಒಂದು ಕಾಯ್ದೆಯಲ್ಲಿ ತೆಗೆದು ಹಾಕಿದ್ರು, 2000ದಿಂದ ಕಂಪ್ಯೂಟರ್ ಸರಿ ಅಂತಲೇ ಹಿಡ್ಕೊಂಡು ಶುರು ಮಾಡೋದು, ತಪ್ಪಿದೆ ಅಂತ ಆರೋಪಿಯೇ ತೋರಿಸ್ಬೇಕು. ಹೊರೈಜನ್ ಬ್ರಾಂಚುಗಳಿಗೆ ಬಂದಿದ್ದೂ ಅದೇ ಹೊತ್ತಿಗೆ. ಒಂದು ಹಳ್ಳಿ ಅಂಗಡಿ ನಡೆಸೋ ಹೆಂಗಸು, ಲಾಗ್ ಕಂಪನಿ ಹತ್ರ, ಕೋಡ್ ಕಂಪನಿ ಹತ್ರ, ಬಗ್‌ಗಳ ಪಟ್ಟಿ ಕಂಪನಿ ಹತ್ರ, ಅವಳು ಏನನ್ನ ತೋರಿಸ್ತಾಳೆ? ಸಹಾಯವಾಣಿಗೆ ಫೋನ್ ಮಾಡಿದೋರಿಗೆಲ್ಲ "ಇಂಥ ಸಮಸ್ಯೆ ನಿಮಗೊಬ್ಬರಿಗೇ" ಅಂತ ಹೇಳಿದ್ರು ಅಂತ ಎಷ್ಟೋ ಜನ ಸಾಕ್ಷಿ ಹೇಳಿದ್ದಾರೆ. ಮಲ್ಲು ಕಾಕಾ ಅವರಿಗೆ ಹೇಳಿದ್ದೂ ಅದೇ ಮಾತು.

ಅಲ್ಲಿ ಬಹಳ ಜನ ಮಾಡಿದ ತಪ್ಪು ಅಂದ್ರೆ ಇದೇ: ಕೊರತೆ ತೋರಿಸ್ತಿದೆ, ಸಹಿ ಹಾಕದಿದ್ರೆ ಮರುದಿನ ಅಂಗಡಿ ತೆಗೆಯೋ ಹಾಗಿಲ್ಲ, ಸರಿ ಇದೆ ಅಂತ ಸಹಿ ಹಾಕಿದ್ರು. ಅದೇ "ಸುಳ್ಳು ಲೆಕ್ಕ" ಅನ್ನೋ ಅಪರಾಧ ಆಯ್ತು. ಕಳವಿನ ಆರೋಪ ಬಿಡ್ತೀವಿ, ಇದೊಂದು ಒಪ್ಕೊಳ್ಳಿ ಅಂದಾಗ ಜೈಲಿಗೆ ಹೆದರಿ ಒಪ್ಕೊಂಡ್ರು. ಒಪ್ಕೊಂಡಿದ್ದನ್ನೇ ಸಾಕ್ಷಿ ಅಂತ ಹಿಡಿದ್ರೆ ಕೋರ್ಟ್ ಎಲ್ಲಿಂದ ಸತ್ಯ ಹುಡುಕುತ್ತೆ ಸರ್? ಕಾಯ್ದೆಯಿಂದ ನಾಲ್ಕು ಜನ ಕಳ್ಳರು ಪಾರಾಗಬಹುದು, ನಿಜ. ಆದ್ರೆ ಅಲ್ಲಿ ಅದಕ್ಕೊಂದು ತಡೆ ಇಟ್ಟಿದ್ದಾರೆ, ಪರಿಹಾರ ಬೇಕು ಅಂದ್ರೆ "ನಾನು ಈ ಅಪರಾಧ ಮಾಡಿಲ್ಲ" ಅಂತ ಸಹಿ ಹಾಕಿ ಕೊಡ್ಬೇಕು, ಸುಳ್ಳು ಅಂತ ಗೊತ್ತಾದ್ರೆ ಮತ್ತೆ ಕೇಸ್. ಶಿಕ್ಷೆ ಆದವರಿಗೆ 6 ಲಕ್ಷ ಪೌಂಡ್ ಪರಿಹಾರದ ಆಯ್ಕೆ ಇದೆ.


ಇಂಡಿ_ಅಂಚಿ

ನಾ ಇಂಡಿ ತಾಲೂಕಿನ್ಯಾಗ ಹಳ್ಳಿ ಪೋಸ್ಟ್ ಮಾಸ್ತರಕಿ ಮಾಡಿ ಬಿಟ್ಟಾಂವ. ಇಲ್ಲಿ ಯಾರ ಸರಿ ಯಾರ ತಪ್ಪ ಅಂತ ಹೇಳಲಿಕ್ಕೆ ನಾ ಓದಿದಾಂವ ಅಲ್ಲ. ಒಂದ ಮಾತ ಬರೀಬೇಕು ಅನಸ್ತು.

ಇಂಗ್ಲೆಂಡಿನ ಆ ಪೋಸ್ಟ್ ಮಾಸ್ತರಗಳು ಸರ್ಕಾರಿ ನೌಕರರಲ್ಲ, ನಮ್ಮ ಕಡೆ ಹಳ್ಳಿ ಅಂಚಿಯವ್ರಂಗ ಅರ್ಧಾ ಒಳಗ ಅರ್ಧಾ ಹೊರಗ, ಕಿರಾಣಿ ಅಂಗಡಿ ಜೋಡಿ ಪೋಸ್ಟ್ ನಡಸ್ತಾರ, ಕರಾರಿನ್ಯಾಗ ಕೊರತಿ ಬಂದ್ರ ನೀವ ತುಂಬಬೇಕು ಅಂತ ಇತ್ತು. ನಮ್ಮ ದೇಶದಿಂದ ಹೋದವ್ರೂ ಬಾಳ ಮಂದಿ ಇದ್ರು ಅವ್ರಾಗ. ಬಸರ ಹೆಂಗಸಿನ್ನ ಜೈಲಿಗೆ ಕಳಸ್ಯಾರ 2010ರಾಗ, ಮಗನ ಹುಟ್ಟಿದ ಹಬ್ಬದ ದಿನ ಶಿಕ್ಷಾ ಆತಂತ ಆಕಿಗೆ. ಸರ್ ವಿನ್ ವಿಲಿಯಮ್ಸ್ ಅಂತ ಜಡ್ಜ್ ಸಾಹೇಬ್ರು ವಿಚಾರಣೆ ಮಾಡಿ 2025ರ ಜುಲೈದಾಗ ಮೊದಲ ವರದಿ ಕೊಟ್ಟಾರ, ಕನಿಷ್ಠ 13 ಮಂದಿ ಇದರ ಸಂಕಟಕ್ಕ ಜೀವಾ ಕಳಕೊಂಡಿರಬಹುದು ಅಂತ ಅದರಾಗ ಅದ.

ತಮ್ಮಾ ಮಲ್ಲು, ಅದನ್ನ ಓದಿದಾಗಿಂದ ನನಗ ನಿಮ್ಮ ಕಾಕಾನ ಚಿಂತಿ ಹತ್ತ್ಯದ. ಕೋರ್ಟ್ ಕಚೇರಿ ಆಮ್ಯಾಲ. ಅವರ ಸಂಗಾಟ ಕುಂತು ಮಾತಾಡ್ರಿ, ಒಬ್ಬರ್ನ ಬಿಡಬ್ಯಾಡ್ರಿ, ಹಳೇದು ಕೆದಕಿದ್ರ ಮತ್ತ ನೋವಾಗ್ತದ, ಅವ್ರು ಬ್ಯಾಡ ಅಂದ್ರ ಆ ಮಾತಿಗೂ ಬೆಲಿ ಕೊಡ್ರಿ. ಮತ್ತ, ಹಳಿ ಮಂದಿ ನಾವು ಕಂಪ್ಯೂಟರ್ ಬಂದ್ರೂ ಚೀಟಿ ಬರಿಯೋ ಚಟ ಬಿಟ್ಟಿರಂಗಿಲ್ಲ. ಸಿಡ್ಲ ಹೊಡದು ನೆಟ್‌ವರ್ಕ್ ಹ್ವಾದ ದಿನ ನಾ ಟೈಮ್ ಸುದ್ದಾ ಬರದ ಇಡ್ತಿದ್ದೆ. 26 ವರ್ಷ ಕಿರ್ದಿ ಬರದ ಮನಷಾ ಒಮ್ಮೆಲೆ ಪೆನ್ನ ಕೆಳಗ ಇಟ್ಟಿರ್ತಾನಂತ ನನಗ ಅನಸಂಗಿಲ್ಲ. ಟ್ರಂಕಿನ್ಯಾಗ ನೋಡ್ರಿ.


ಮುಧೋಳ_ಮಲ್ಲು

ಎಲ್ಲಾರಿಗೂ ಕೈ ಮುಗೀತೀನ್ರಿ. ನಾಕ ದಿನ ಉತ್ತರ ಕೊಡಾಕ ಆಗ್ಲಿಲ್ಲ, ಊರಿಗೆ ಹೋಗಿದ್ದೆ.

ಇಂಡಿ ಅಣ್ಣಾರು ಹೇಳಿದಂಗ ಮೊದ್ಲ ಕಾಕಾನ ಸಂಗಾಟ ಹೊಲಕ್ಕ ಹ್ವಾದೆ. ಮಾರಿದ ಹೊಲದ ಬದುವಿಗೆ ಕುಂತು ಫೋನಿನ್ಯಾಗಿನ ಈ ಎಲ್ಲಾ ಉತ್ತರ ಓದಿ ಹೇಳಿದೆ. ಡಾಲ್ಮೆಲಿಂಗ್ಟನ್ ಕತಿ ಬಂದಾಗ "ಇನ್ನೊಮ್ಮೆ ಓದು" ಅಂದ್ರು. ಮೂರ ಸಲ ಓದಿಸಿದ್ರು. ಆಮ್ಯಾಲ ಆ ಲೆಕ್ಕ ಪರಿಶೋಧಕರ ಮಾತ ಓದಿದಾಗ ಸಿಟ್ಟಾಗ್ತಾರ ಅಂದ್ಕೊಂಡಿದ್ದೆ, ಆಗ್ಲಿಲ್ಲ. "ಅವ್ರು ಹೇಳೋದು ಖರೆ ಐತಿ, ಸಹಿ ನಂದ ಐತಿ" ಅಂದ್ರು. ಅಷ್ಟ ಅಂದು ಸುಮ್ಮನಾದ್ರು.

ರಾತ್ರಿ ಊಟಾ ಆದ ಮ್ಯಾಲ ಕಾಕು ಅಟ್ಟದ ಮ್ಯಾಲಿಂದ ಟ್ರಂಕ್ ಇಳಸಾಕ ಹೇಳಿದ್ಲು. ಅದರಾಗ ಒಂದ ಕೆಂಪ ಬಟ್ಟಿ ಬೈಂಡಿನ ಕಿರ್ದಿ ಐತ್ರಿ, 2014ರ ಫೆಬ್ರವರಿ 20ರಿಂದ ಏಪ್ರಿಲ್ 30ರ ತನಕಾ, ಕಾಕಾನ ಕೈಬರಹ. ಕಂಪ್ಯೂಟರ್ ಬಂದ ಮ್ಯಾಲ ಕೈಲೆ ಬರಿಯೋದು ಬ್ಯಾಡ ಅಂತ ಮ್ಯಾಲಿನವ್ರು ಹೇಳಿದ್ರಂತ, ಆದ್ರ ಮೊದಲನೇ ಸಲ 41 ಸಾವಿರ ಕಮ್ಮಿ ಬಂದ ದಿನದಿಂದ ಹಿಂದಿನ ದಿನಗಳ್ದೂ ನೆನಪ ಮಾಡಿ, ಪಾವತಿ ಕಾರ್ಬನ್ ಪ್ರತಿ ನೋಡಿ ರಾತ್ರಿ ಮನ್ಯಾಗ ಬರದಾರ. ಅದರಾಗ ಮಾರ್ಚ್ 14ರ ಸಾಲಿನ ಬಾಜೂಕ ಪೆನ್ಸಿಲ್‌ನ್ಯಾಗ "ಮಧ್ಯಾಹ್ನ 2.10 ಕರೆಂಟ್ ಹೋತು, ಮತ್ತ ಎಂಟ್ರಿ" ಅಂತ ಐತಿ. ಹಂಗ ಒಂಬತ್ತ ಕಡೆ ಐತಿ. ಕೋರ್ಟಿನ್ಯಾಗ ಇದನ್ನ ಯಾಕ ಕೊಡ್ಲಿಲ್ಲ ಕಾಕಾ ಅಂದ್ರ, ಅವಾಗಿನ ವಕೀಲ್ರಿಗೆ ತೋರಿಸಿದ್ರಂತ, "ಬರಕೊಟ್ಟಿರಲ್ಲ, ಇನ್ನ ಇದೇನ ಮಾಡ್ತೈತಿ, ರೊಕ್ಕ ತುಂಬಿ ಕಡಿಮಿ ಶಿಕ್ಷೆ ಕೇಳೋಣ" ಅಂದ್ರಂತ.

ವಕೀಲ ಸರ್ ಕೇಳಿದ ಪ್ರಶ್ನೆಗೆ: ಸರ್ಟಿಫಿಕೇಟ್ ಇತ್ತು, ಸಹಿ ಸೊಸೈಟಿ ಹೊಸಾ ಸೆಕ್ರೆಟರಿದು. ಕಾಕಾ ಕಾಗದದಾಗ ಕಂಪನಿಗೆ ಬರದಿಲ್ಲ, ಎಲ್ಲಾ ಫೋನಿನ್ಯಾಗ. ಕಾಕಾ ಒಪ್ಪ್ಯಾರ್ರಿ. ರೊಕ್ಕ ವಾಪಸ್ ಬ್ಯಾಡ ಅಂತಾರ, ಹೆಸರ ತಿದ್ದಿದ್ರ ಸಾಕಂತ.


ಸಹಕಾರಿ_ನಿವೃತ್ತ

ಮಲ್ಲು, ಕಿರ್ದಿ ನನಗ ತೋರಿಸ್ರಿ. ಒಂದ ಪೈಸಾ ಬ್ಯಾಡ. ಒಂಬತ್ತ ಎಂಟ್ರಿ ಅಂದ್ರಲ್ಲ, ಆ ಒಂಬತ್ತ ಮಂದಿ ರೈತರ ಪಾಸ್‌ಬುಕ್ಕ, ಪಾವತಿ ಕೂಡಿಸ್ರಿ, ಕಂಪ್ಯೂಟರ್ ದಿನವಹಿ ಕೋರ್ಟ್ ಫೈಲಿನ್ಯಾಗೇ ಇರ್ತದ, ಮೂರನ್ನೂ ಹಚ್ಚಿ ನಾ ತಾಳೆಪಟ್ಟಿ ಮಾಡಿ ಕೊಡ್ತೀನಿ. ತಾಳೆ ಆಗದಿದ್ರ ಅದನ್ನೂ ಹಂಗೇ ಬರೀತೀನಿ, ಅದಕ್ಕ ತಯಾರ ಇರ್ರಿ. ಕಾಯ್ದೆ ಬಗ್ಗೆ ನನ್ನ ಮಾತ ನಾ ಬದಲ ಮಾಡಂಗಿಲ್ಲ. ಆದ್ರ ಈ ಕೆಲಸ ನಾ ಅವಾಗ ಮಾಡಬೇಕಾಗಿತ್ತು, ಯಾರದೋ ಸೊಸೈಟ್ಯಾಗ.


ಕ್ಯಾಂಪ್_ವಕೀಲ

ಮಲ್ಲು ಅವ್ರ, ಕಿರ್ದಿ ಸಿಕ್ಕಿದ್ದು ದೊಡ್ಡ ಮಾತು, ಆದ್ರ ಆಶಾ ಹೆಚ್ಚ ಕಟ್ಟಬ್ಯಾಡ್ರಿ. ರಿವಿಜನ್‌ನ್ಯಾಗ ಹೈಕೋರ್ಟ್ ಸಾಕ್ಷಿ ಎಲ್ಲಾ ಮೊದಲಿಂದ ತೂಗಂಗಿಲ್ಲ, ತೀರ್ಪಿನ್ಯಾಗ ಕಾನೂನಿನ ತಪ್ಪ ಐತೇನು, ನ್ಯಾಯ ಕೆಟ್ಟೈತೇನು ಅಷ್ಟ ನೋಡ್ತೈತಿ. ಹೊಸ ಸಾಕ್ಷಿ ತಗೊಳ್ಳೋ ಅಧಿಕಾರ ಐತಿ, ಹಳೇ ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) ಕಲಂ 391, ಈಗ ಅದರ ಜಾಗಾಕ್ಕ ಬಂದ ಬಿಎನ್‌ಎಸ್‌ಎಸ್ ಕಲಂ 432, ರಿವಿಜನ್‌ನ್ಯಾಗೂ ಅದನ್ನ ಬಳಸಾಕ ಬರ್ತೈತಿ. ನಮ್ಮ ಅರ್ಜಿ ಅದರ ಮ್ಯಾಲ ನಿಲ್ಲಬೇಕು.

ಸರ್ಟಿಫಿಕೇಟ್ ಇತ್ತು ಅಂದ್ರ ಅದು ಇರಲಿಲ್ಲ ಅನ್ನೋ ವಾದ ಹೋತು, ಇರದಿದ್ರೂ ಕೆಳಗಿನ ಕೋರ್ಟಿನ್ಯಾಗ ತಕರಾರ ಎತ್ತದ ಮ್ಯಾಲ ಇಲ್ಲಿ ಎತ್ತಾಕ ಬರಂಗಿಲ್ಲ ಅಂತ 2017ರ ಸುಪ್ರೀಂ ಕೋರ್ಟ್ ತೀರ್ಪು ಐತಿ. ಆದ್ರ ಹೊಸಾ ಸೆಕ್ರೆಟರಿ 2014ರಾಗ ಆ ಕಂಪ್ಯೂಟರ್ ಸರಿ ನಡದಿತ್ತು ಅಂತ ಹೆಂಗ ಬರಕೊಟ್ರು? ಆ ಟೈಮಿಗೆ ಅವ್ರು ಅಲ್ಲಿ ಇರಲೇ ಇಲ್ಲ. ಆ ಅವಧ್ಯಾಗ ಕಂಪ್ಯೂಟರ್ ಸರಿ ಕೆಲಸ ಮಾಡ್ತಿತ್ತು ಅನ್ನೋದು 65ಬಿ ಕೇಳೋ ಮುಖ್ಯ ಮಾತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ್ಯಾಗ ಸರ್ಟಿಫಿಕೇಟಿಗೆ ಎರಡ ಭಾಗ ಮಾಡ್ಯಾರ, ಎರಡನೇದು ತಜ್ಞರು ಕೊಡಬೇಕು. ಹಳೇ ಕೇಸಿಗೆ ಅದು ಬರಂಗಿಲ್ಲ, ಆದ್ರ ದೂರ ಕೊಟ್ಟವ್ರ ಮಾತ ಒಂದನ್ನ ನಂಬೋದು ಸಾಲಂಗಿಲ್ಲ ಅಂತ ಶಾಸಕಾಂಗಕ್ಕೂ ಅನಸೇತಿ ಅಂತ ವಾದ ಮಾಡಬಹುದು.

ಆರ್‌ಟಿಐ ಹಾಕೋದಾದ್ರ ಸೊಸೈಟಿಗೆ ಹಾಕಬ್ಯಾಡ್ರಿ, ಸಹಕಾರ ಸಂಘಗಳಿಗೆ ಆರ್‌ಟಿಐ ನೇರ ಹತ್ತಂಗಿಲ್ಲ ಅಂತ 2013ರಾಗ ಸುಪ್ರೀಂ ಕೋರ್ಟ್ ಹೇಳೇತಿ. ಸಹಾಯಕ ರಿಜಿಸ್ಟ್ರಾರ್ ಆಫೀಸಿಗೆ ಹಾಕ್ರಿ, ಕಲಂ 64ರ ವಿಚಾರಣೆ ಫೈಲ್ ಪೂರಾ, ಸಾಫ್ಟ್‌ವೇರ್ ಕಂಪನಿ ಸಂಗಾಟ ಆದ ಪತ್ರ ವ್ಯವಹಾರ ಅವ್ರ ಕಡೆ ಇದ್ದಷ್ಟು. ಆ ಕಂಪನಿ ಸಾಫ್ಟ್‌ವೇರ್ ಬ್ಯಾರೆ ಯಾ ಊರ ಸೊಸೈಟ್ಯಾಗ ಇತ್ತು, ಅಲ್ಲಿ 2013-14ರಾಗ ಕೊರತಿ ಬಂದಿತ್ತೇನು ಅನ್ನೋದನ್ನೂ ಕೇಳ್ರಿ. ಬೇಟ್ಸ್ ಅವ್ರು ಗೆದ್ದದ್ದು ಹಂಗ, ಒಬ್ಬೊಬ್ಬರ್ನ ಹುಡಿಕ್ಯಾಡಿ ಕೂಡಿಸಿ. ಈ ಥ್ರೆಡ್ ಓದೋರೊಳಗ ಯಾರಿಗರ ಹಿಂಗಾಗಿದ್ರ ನನಗ ಮೆಸೇಜ್ ಮಾಡ್ರಿ, ಹೆಸರ ಹೊರಗ ಬರಂಗಿಲ್ಲ.

ಬರೋ ಶನಿವಾರ ಮಧ್ಯಾಹ್ನ ಮೂರಕ್ಕ ಆಫೀಸಿಗೆ ಬರ್ರಿ, ನಿವೃತ್ತ ಸಾಹೇಬ್ರೂ ಬಂದ್ರ ಚಲೋ. ಎರಡೂ ತೀರ್ಪಿನ ಸರ್ಟಿಫೈಡ್ ಕಾಪಿ ತರ್ರಿ. ಕಿರ್ದಿ ಮ್ಯಾಲ ಹೊಸದಾಗಿ ಯಾರೂ ಏನೂ ಬರೀಬ್ಯಾಡ್ರಿ, ಪೆನ್ಸಿಲ್ ಗುರ್ತು ಅಳಿಸಿದಂಗ ಆಗಬಾರದು, ಫೋಟೋ ಮಾತ್ರ ತಗೀರಿ, ಹಾಳಿ ಪಿನ್ ಹೊಡಿಬ್ಯಾಡ್ರಿ. ಪ್ಲಾಸ್ಟಿಕ್‌ನ್ಯಾಗ ಹಾಕಬ್ಯಾಡ್ರಿ, ಹತ್ತಿ ಅರಿವಿನ್ಯಾಗ ಸುತ್ತಿ ತರ್ರಿ. ಕಾಕಾ ಅವ್ರೂ ಬರ್ತೀನಿ ಅಂದ್ರ ಕರಕೊಂಡ ಬರ್ರಿ, ನಾ ಕೆಳಗ ಗೇಟಿನ ಹತ್ರ ನಿಂತಿರ್ತೀನಿ.